ಜರ್ಮನಿಯೊಳಗಿನ ಪ್ರತಿರೋಧವನ್ನು ಕನ್ನಡದಲ್ಲಿ ಕೇಳಿಸಿದ ಬಗೆ: ನನ್ನ ಅನುಭವ

ಹಿಟ್ಲರನ ಆಳ್ವಿಕೆಯನ್ನು ಜರ್ಮನಿಯೊಳಗಿದ್ದುಕೊಂಡೇ ಎದುರಿಸಿದವರ ಚರಿತ್ರೆಯನ್ನು ಕನ್ನಡದಲ್ಲಿ ಪಾಡ್‌ಕಾಸ್ಟ್ ಸರಣಿಯಾಗಿ ಮಾಡುತ್ತೇನೆ ಎಂದಾಗ, ಈ ಕೆಲಸದಲ್ಲಿ ನನಗಿಂತ ಹಳಬರಾದವರು ಎರಡು ಮಾತು ಹೇಳಿದರು. ನಾಲಿಗೆ ಹೊರಳದ ಹೆಸರುಗಳಿರುವ ಕಥೆಯನ್ನು ನಮ್ಮವರು ಐದು ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂಬುದು ಒಂದು. ಕೇಳಿಸಲೇಬೇಕೆಂದಿದ್ದರೆ ಬೂಟುಗಾಲಿನ ಸದ್ದು, ಬಾಗಿಲು ಒದೆಯುವ ಸದ್ದು ಸೇರಿಸಿ ನಾಟಕವಾಗಿಸಬೇಕು ಎಂಬುದು ಇನ್ನೊಂದು. ಸರಣಿ ಈಗ ಎರಡನೆಯ ವರ್ಷದಲ್ಲಿದೆ. ಕಂತುಗಳು ಇಪ್ಪತ್ತು ನಿಮಿಷದ ಆಸುಪಾಸಿನವು, ಒಂದೇ ದನಿ, ಹಿನ್ನೆಲೆ ಸಂಗೀತವಿಲ್ಲ. ಕೇಳಲು ತೊಡಗಿದವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಕೊನೆಯವರೆಗೂ ಉಳಿಯುತ್ತಾರೆ. ಇದು ಎಷ್ಟು ಕಷ್ಟದ ಲೆಕ್ಕ ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ.

ಮೊದಲ ಪ್ರಯತ್ನ ಹಿರಿಯರ ಸಲಹೆಯಂತೆಯೇ ನಡೆದಿತ್ತು. ಬೆಂಗಳೂರಿನ ಸ್ಟುಡಿಯೋದ ಬಾಡಿಗೆ, ನಾಲ್ವರು ಕಲಾವಿದರ ಸಂಭಾವನೆ, ಸದ್ದು ಮತ್ತು ಸಂಗೀತದ ಪರವಾನಗಿ ಎಲ್ಲ ಸೇರಿ ಮೂರು ಕಂತಿಗೆ ತೊಂಬತ್ತು ಸಾವಿರ ರೂಪಾಯಿಯ ಹತ್ತಿರ ಖರ್ಚಾಯಿತು. ಹೆಚ್ಚಿನವರು ನಾಲ್ಕನೆಯ ನಿಮಿಷಕ್ಕೇ ಬಿಟ್ಟುಹೋದರು. ಕಲಾವಿದರು ಒಳ್ಳೆಯವರೇ, ಆದರೆ ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದ ಅಧಿಕಾರಿ ಕನ್ನಡದಲ್ಲಿ ಗದರಿದ ಕೂಡಲೇ ಅವನು ಸಿನಿಮಾದ ಖಳನಾಗಿಬಿಡುತ್ತಿದ್ದ, ಸಿಕ್ಕಿಬಿದ್ದವರು ತಪ್ಪಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಕುತೂಹಲವೊಂದೇ ಕೇಳುಗರಲ್ಲಿ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೊಲೆಯಾದವರು ಆಡದ ಮಾತುಗಳನ್ನು ಅವರ ಬಾಯಲ್ಲಿ ಆಡಿಸುವುದು ನನಗೆ ಸಹಿಸಲಾಗದ ಸಂಗತಿಯಾಯಿತು.

ಹಾಗಾಗಿ ಎರಡು ನಿಯಮ ಮಾಡಿಕೊಂಡೆ. ದಾಖಲೆಯಲ್ಲಿಲ್ಲದ ಒಂದು ಮಾತನ್ನೂ ಯಾರ ಬಾಯಿಗೂ ಹಾಕಬಾರದು. ಮತ್ತು ಕೊನೆಯನ್ನು ಮೊದಲೇ ಹೇಳಿಬಿಡಬೇಕು. ಹಿಟ್ಲರ್ ವಿರುದ್ಧ ಗುಟ್ಟಾಗಿ ಕರಪತ್ರ ಹಂಚಿದ ಮ್ಯೂನಿಕ್ ವಿದ್ಯಾರ್ಥಿಗಳ ಬಿಳಿ ಗುಲಾಬಿ ಬಳಗದ ಕಂತು ಶುರುವಾಗುವುದೇ ಹೀಗೆ: 1943ರ ಫೆಬ್ರವರಿ 22ರ ಸಂಜೆ ಮ್ಯೂನಿಕ್‌ನ ಸ್ಟಾಡೆಲ್‌ಹೈಮ್ ಸೆರೆಮನೆಯಲ್ಲಿ ಸೋಫಿ ಶೋಲ್, ಆಕೆಯ ಅಣ್ಣ ಹಾನ್ಸ್, ಅವರ ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್ ಮೂವರ ತಲೆ ಕಡಿಯಲಾಯಿತು, ಆಕೆಗೆ 21, ಅಣ್ಣನಿಗೆ 24, ಮೂರು ಮಕ್ಕಳ ತಂದೆಯಾಗಿದ್ದ ಪ್ರೋಬ್ಸ್ಟ್ ಅವರಿಗೆ 23 ವರ್ಷ. ಕುತೂಹಲ ಅಲ್ಲಿಗೇ ಮುಗಿಯಿತಲ್ಲ ಎಂದು ಕರಡು ಓದಿದ ಗೆಳೆಯರು ಆಕ್ಷೇಪಿಸಿದರು. ಹರಿಕಥೆಗೆ ಕೂತವರಿಗೆ ಅಭಿಮನ್ಯು ಸಾಯುವುದು ಮೊದಲೇ ಗೊತ್ತಿದ್ದರೂ ಚಕ್ರವ್ಯೂಹದ ಒಂದೊಂದು ಸುತ್ತನ್ನೂ ಅವರು ಉಸಿರು ಬಿಗಿಹಿಡಿದು ಕೇಳುತ್ತಾರೆ ಎಂಬುದೇ ನನ್ನ ಉತ್ತರವಾಗಿತ್ತು, ಅದು ನಿಜವಾಯಿತು. ಸಾವು ಖಚಿತವಾದ ಮೇಲೆ ಕೇಳುಗರ ಕಿವಿ ಸಣ್ಣ ಸಂಗತಿಗಳ ಕಡೆಗೆ ಹೊರಳುತ್ತದೆ. ಸಾವಿರಾರು ಕರಪತ್ರಗಳಿಗೆ ಬೇಕಾದ ಕಾಗದ, ಲಕೋಟೆ, ಅಂಚೆಚೀಟಿಗಳನ್ನು ಅನುಮಾನ ಬಾರದಂತೆ ಹಲವು ಕಡೆಗಳಿಂದ ಸ್ವಲ್ಪ ಸ್ವಲ್ಪವಾಗಿ ಕೊಂಡು ತಂದ ಭಾಗವೇ ಆ ಕಂತಿನಲ್ಲಿ ಅತಿ ಹೆಚ್ಚು ಜನ ಹಿಂದಕ್ಕೆ ಹೋಗಿ ಮತ್ತೆ ಕೇಳಿರುವ ಭಾಗ. ಆರನೆಯ ಕರಪತ್ರ ಗುಟ್ಟಾಗಿ ದೇಶ ದಾಟಿ ಇಂಗ್ಲೆಂಡ್ ಸೇರಿ, ಅದೇ ವರ್ಷ ಬ್ರಿಟಿಷ್ ವಿಮಾನಗಳಿಂದ ಮತ್ತೆ ಜರ್ಮನಿಯ ಮೇಲೆ ಉದುರಿದ್ದನ್ನು ಕೊನೆಗೆ ಎರಡೇ ವಾಕ್ಯದಲ್ಲಿ ಹೇಳಿದ್ದೇನೆ. ಹೆಚ್ಚು ಹೇಳಿದ್ದರೆ ಅದು ಸಮಾಧಾನದ ಮಾತಾಗಿಬಿಡುತ್ತಿತ್ತು.

ದಾಖಲೆಯೊಂದೇ ಸಾಕು ಎಂಬ ನಂಬಿಕೆ ಗಟ್ಟಿಯಾದದ್ದು ಗೆಯೋರ್ಗ್ ಎಲ್ಸರ್ ಅವರ ಕಂತಿನಲ್ಲಿ. ಈ ಬಡಗಿ ಒಬ್ಬರೇ ಯೋಚಿಸಿ, ಒಬ್ಬರೇ ಬಾಂಬು ಮಾಡಿ, ಮ್ಯೂನಿಕ್‌ನ ಬಿಯರ್ ಸಭಾಂಗಣದಲ್ಲಿ ಹಿಟ್ಲರ್ ಭಾಷಣ ಮಾಡುವ ವೇದಿಕೆಯ ಹಿಂದಿನ ಕಂಬವನ್ನು ಮೂವತ್ತಕ್ಕೂ ಹೆಚ್ಚು ರಾತ್ರಿ ಕೊರೆದವರು. ಸಂಜೆ ಅಲ್ಲೇ ಊಟ ಮಾಡಿ, ಮೇಲಿನ ಪಡಸಾಲೆಯಲ್ಲಿ ಅಡಗಿದ್ದು, ಬಾಗಿಲು ಹಾಕಿದ ಮೇಲೆ ನೀಲಿ ಕರವಸ್ತ್ರ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಮಂಡಿಯೂರಿ ಕೆಲಸ ಮಾಡುತ್ತಿದ್ದರು. ಕೊರೆದ ಪುಡಿಯನ್ನು ಸಣ್ಣ ಪೆಟ್ಟಿಗೆಯಲ್ಲಿ ತುಂಬಿ ಹೊರಗೆ ಒಯ್ಯುತ್ತಿದ್ದರು. 1939ರ ನವೆಂಬರ್ 8ರಂದು ಬಾಂಬು ಗೊತ್ತುಮಾಡಿದ್ದ ಹೊತ್ತಿಗೇ, ರಾತ್ರಿ 9:20ಕ್ಕೆ ಸಿಡಿಯಿತು. ಮಂಜಿನಿಂದಾಗಿ ವಿಮಾನ ಬಿಟ್ಟು ರೈಲಿಗೆ ಹೊರಡಬೇಕಾಗಿದ್ದ ಹಿಟ್ಲರ್ 13 ನಿಮಿಷ ಮೊದಲೇ ಎದ್ದುಹೋಗಿದ್ದ. ಸತ್ತ ಎಂಟು ಮಂದಿಯಲ್ಲಿ ಅಲ್ಲಿನ ಪರಿಚಾರಕಿಯೂ ಒಬ್ಬಳು. ಅವಳನ್ನು ಬಿಟ್ಟು ಈ ಕಥೆ ಹೇಳಬಾರದು ಎಂಬುದು ನನ್ನ ಖಚಿತ ನಿಲುವು. ಈ ವಿವರಗಳಲ್ಲಿ ಬಹುಪಾಲು, ಆ ತಿಂಗಳ 19ರಿಂದ 23ರವರೆಗೆ ಬರ್ಲಿನ್ನಿನಲ್ಲಿ ಗೆಸ್ಟಾಪೊ ನಡೆಸಿದ ವಿಚಾರಣೆಯ ದಾಖಲೆಯಲ್ಲಿವೆ. ಕೊಲ್ಲಲು ನಿಂತವರೇ ಟೈಪು ಮಾಡಿಟ್ಟ ಕಾಗದಗಳಿಂದ ಅವರ ಕೆಲಸದ ಶ್ರದ್ಧೆ ನಮಗೆ ತಿಳಿಯುತ್ತದೆ. ಡಾಖೌ ಶಿಬಿರದಲ್ಲಿ ಅವರನ್ನು ಗುಂಡಿಕ್ಕಿ ಕೊಂದದ್ದು 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿದ್ದಾಗ.

ಗಡಿಯಾರದ ಟಿಕ್ ಟಿಕ್ ಹೊರಗೆ ಕೇಳದಿರಲೆಂದು ಎಲ್ಸರ್ ಬಾಂಬಿನ ಸುತ್ತ ಬೆಂಡು ಹೊದಿಸಿದ್ದರು. ಮೊದಲ ಕರಡಿನಲ್ಲಿ ಆ ಜಾಗಕ್ಕೆ ಗಡಿಯಾರದ ಸದ್ದು ಹಾಕಿದ್ದೆ, ತೆಗೆದುಹಾಕಿದೆ. ಈಗ ಆ ವಾಕ್ಯದ ನಂತರ ಮೌನವಿದೆ. ಮೌನವೆಂದು ಟ್ರ್ಯಾಕನ್ನು ಪೂರ್ತಿ ಖಾಲಿ ಬಿಟ್ಟರೆ, ಬಸ್ಸಿನಲ್ಲಿ ಕುಳಿತು ಕೇಳುವವರು ಫೋನು ನಿಂತಿತೆಂದು ಪರದೆ ಮುಟ್ಟುತ್ತಾರೆ. ಆದ್ದರಿಂದ ಧ್ವನಿಮುದ್ರಣ ಮಾಡಿದ ಕೋಣೆಯ ಖಾಲಿ ಸದ್ದನ್ನೇ ಕೆಳಗೆ ಹಾಸಬೇಕು. ಅದರ ಅಳತೆಯನ್ನೂ ಅದಕ್ಕೆ ಮುಂಚಿನ ವಾಕ್ಯವನ್ನು ಓದುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಬಹಳ ಹಣ ಕಳೆದುಕೊಂಡು ಕಲಿತಿದ್ದೇನೆ.

ಈಗ ಕಂತಿಗೆ ಆರೇಳು ಸಾವಿರ ರೂಪಾಯಿ ಸಾಕಾಗುತ್ತದೆ. ಮೈಸೂರಿನ ನನ್ನ ಮನೆಯ ಹಿಂಬದಿಯ ಕೋಣೆಗೆ ಕಂಬಳಿ ತೂಗಿಸಿ, ರಾತ್ರಿ ಹನ್ನೊಂದರ ನಂತರ ಓದುತ್ತೇನೆ. ಖರ್ಚಿನ ದೊಡ್ಡ ಪಾಲು ಜರ್ಮನ್ ದಾಖಲೆಗಳ ನನ್ನ ಅನುವಾದವನ್ನು ಮೂಲದೊಂದಿಗೆ ಹೋಲಿಸಿ ನೋಡುವವರಿಗೆ ಹೋಗುತ್ತದೆ. ಬೇರೆ ಎಲ್ಲಿ ಉಳಿಸಿದರೂ ಅಲ್ಲಿ ಉಳಿಸಬಾರದು. ಕೇಳುಗರ ಸಣ್ಣ ಸಣ್ಣ ಕೊಡುಗೆಗಳಿಂದ ಕಳೆದ ವರ್ಷ ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಂದಿರುಗಿದೆ.

ಹಣದ ಅಡಚಣೆಯೇ ಒಂದು ಕಂತನ್ನು ಉತ್ತಮಗೊಳಿಸಿತು. ಹಿಟ್ಲರನನ್ನು ಕೊಲ್ಲುವ 1944ರ ಜುಲೈ 20ರ ಸಂಚು ವಿಫಲವಾದ ಮೇಲೆ ನಡೆದ ವಿಚಾರಣೆಗಳನ್ನು ನಾತ್ಸಿಗಳೇ ಚಿತ್ರೀಕರಿಸಿದ್ದರು. ನ್ಯಾಯಾಧೀಶ ರೋಲಾಂಡ್ ಫ್ರೈಸ್ಲರ್ ಅರಚುವುದು, ಆರೋಪಿಗಳು ತಗ್ಗಿದ ದನಿಯಲ್ಲಿ ಉತ್ತರಿಸುವುದು ಇಂದಿಗೂ ಕೇಳಲು ಸಿಗುತ್ತದೆ. ಅದನ್ನು ಬಳಸಲು ಕೇಳಿದ ದರ ನನ್ನ ಅರ್ಧ ವರ್ಷದ ಖರ್ಚಿನಷ್ಟಿತ್ತು. ಹಾಗಾಗಿ ಅವೇ ಮಾತುಗಳನ್ನು ನಾನೇ ಓದಿದೆ, ಫ್ರೈಸ್ಲರನ ಬೈಗುಳವನ್ನೂ ದನಿ ಏರಿಸದೆ. ತನ್ನನ್ನು ಪ್ರೇರೇಪಿಸಿದ್ದು ಪೋಲೆಂಡಿನಲ್ಲಿ ನಡೆದ ಕೊಲೆಗಳು ಎಂದು ಆರೋಪಿ ಷ್ವೆರೀನ್ ಫಾನ್ ಷ್ವಾನೆನ್‌ಫೆಲ್ಡ್ ಹೇಳಲು ಹೊರಟಾಗ ಫ್ರೈಸ್ಲರ್ ಅಡ್ಡಬಂದು ಬಾಯಿ ಮುಚ್ಚಿಸುವ ಜಾಗ, ಸಮದನಿಯಲ್ಲಿ ಓದಿದಾಗ ಮೂಲಕ್ಕಿಂತ ಭೀಕರವಾಗಿ ಕೇಳುತ್ತದೆ.

ಇಡೀ ಸರಣಿಯಲ್ಲಿ ಹೊರಗಿನ ಸದ್ದು ಬರುವುದು ಒಂದೇ ಕಡೆ. ಹ್ಯಾಂಬರ್ಗಿನ ಹೆಲ್ಮುತ್ ಹ್ಯೂಬೆನರ್ ಎಂಬ ಹುಡುಗ ಶಾರ್ಟ್‌ವೇವ್ ರೇಡಿಯೋದಲ್ಲಿ ಬಿಬಿಸಿಯ ಜರ್ಮನ್ ಸುದ್ದಿ ಕೇಳಿ, ಅದನ್ನು ಟೈಪು ಮಾಡಿ ಹಂಚುತ್ತಿದ್ದ; ವಿದೇಶಿ ಬಾನುಲಿ ಕೇಳುವುದು ಯುದ್ಧ ಶುರುವಾದಾಗಿನಿಂದಲೇ ಅಪರಾಧವಾಗಿತ್ತು. 1942ರ ಅಕ್ಟೋಬರ್ 27ರಂದು, ಹದಿನೇಳನೆಯ ವಯಸ್ಸಿನಲ್ಲಿ, ಬರ್ಲಿನ್ನಿನ ಪ್ಲೊಟ್ಸೆನ್‌ಜೇ ಸೆರೆಮನೆಯಲ್ಲಿ ಅವನನ್ನು ಕೊಂದರು. ಹಳೆಯ ವಾಲ್ವ್ ರೇಡಿಯೋ ಒಂದನ್ನು ಎರಡು ಸಾವಿರ ಚಿಲ್ಲರೆ ಕೊಟ್ಟು ತಂದು, ನಿಲ್ದಾಣಗಳ ನಡುವಿನ ಗೊರಗೊರ ಸದ್ದನ್ನು ಮುದ್ರಿಸಿಕೊಂಡೆ. ಆ ಸದ್ದಿನೊಳಗಿಂದ ಲಂಡನ್ನಿನ ಗುರುತಾಗಿದ್ದ ನಾಲ್ಕು ನಗಾರಿ ಪೆಟ್ಟುಗಳು ಏಳುತ್ತವೆ. ಆಮೇಲೆ ಮಾತಷ್ಟೇ.

ನಮ್ಮ ಕೇಳುಗರ ವಿಷಯದಲ್ಲಿ ಬೇರೆಯದೇ ಒಂದು ತೊಡಕಿತ್ತು. ನೇತಾಜಿ ಬರ್ಲಿನ್ನಿಗೆ ಹೋಗಿದ್ದರಲ್ಲ, ಹಾಗಾದರೆ ಇವರು ದೇಶದ್ರೋಹಿಗಳಲ್ಲವೇ ಎಂದು ಅನೇಕರು ಪ್ರಾಮಾಣಿಕವಾಗಿಯೇ ಕೇಳಿದರು. ಉತ್ತರವಾಗಿ ಆಡಮ್ ಫಾನ್ ಟ್ರಾಟ್ ಅವರ ಕಂತು ಮಾಡಿದೆ. ಜರ್ಮನ್ ವಿದೇಶಾಂಗ ಕಚೇರಿಯ ಭಾರತ ವಿಭಾಗ ನೋಡಿಕೊಳ್ಳುತ್ತ ಬೋಸರೊಂದಿಗೆ ವ್ಯವಹರಿಸುತ್ತಿದ್ದ ಅಧಿಕಾರಿಯೇ ಹಿಟ್ಲರ್ ವಿರುದ್ಧದ ಸಂಚಿನಲ್ಲೂ ಇದ್ದರು. 1944ರ ಆಗಸ್ಟ್ 26ರಂದು ಅವರನ್ನು ಗಲ್ಲಿಗೇರಿಸಲಾಯಿತು. ಸರಣಿಯ ಕೇಳುಗರು ಕೆಲವು ನೂರರಿಂದ ಕೆಲವು ಸಾವಿರಕ್ಕೆ ಏರಿದ್ದು ಈ ಕಂತಿನಿಂದಲೇ. ಅಂದಿನಿಂದ ಪ್ರತಿ ಕಂತಿನಲ್ಲೂ ಒಂದು ದಿನಾಂಕವನ್ನು ನಮ್ಮವರ ನೆನಪಿಗೆ ಕಟ್ಟುತ್ತೇನೆ. ಸೋಫಿ ಶೋಲ್ ಸತ್ತ ದಿನ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಗಾಂಧೀಜಿಯವರ 21 ದಿನಗಳ ಉಪವಾಸ ನಡೆದಿತ್ತು. ಮುಂದಿನ ತಿಂಗಳು ಈಸೂರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹೋಲಿಕೆಗೆ ಕೈಹಾಕುವುದಿಲ್ಲ, ದಿನಾಂಕ ಹೇಳಿ ಮುಂದೆ ಹೋಗುತ್ತೇನೆ.

ಇಷ್ಟೆಲ್ಲ ಮಾಡಿ ಏನು ಸಾಧಿಸಿದರು ಎಂಬ ಪ್ರಶ್ನೆ ಒಟ್ಟೊ ಮತ್ತು ಎಲೀಸೆ ಹಾಂಪೆಲ್ ದಂಪತಿಯ ಕಂತಿಗೆ ಅತಿ ಹೆಚ್ಚು ಬಂದಿದೆ. ಎಲೀಸೆಯ ಸಹೋದರ 1940ರಲ್ಲಿ ಯುದ್ಧದಲ್ಲಿ ಸತ್ತ ಮೇಲೆ, ಬರ್ಲಿನ್ನಿನ ಈ ಕಾರ್ಮಿಕ ದಂಪತಿ ಸುಮಾರು ಎರಡು ವರ್ಷ ಹಿಟ್ಲರನನ್ನು ವಿರೋಧಿಸುವ ಕೈಬರಹದ ಕಾರ್ಡುಗಳನ್ನು ಅಂಚೆಪೆಟ್ಟಿಗೆಗಳಲ್ಲೂ ಮೆಟ್ಟಿಲುಗಳ ಮೇಲೂ ಇಟ್ಟುಬಂದರು. ಇನ್ನೂರಕ್ಕೂ ಹೆಚ್ಚಿದ್ದ ಆ ಕಾರ್ಡುಗಳಲ್ಲಿ ಬಹುತೇಕವನ್ನು ಜನ ತಾವಾಗಿಯೇ ಗೆಸ್ಟಾಪೊಗೆ ಒಪ್ಪಿಸಿದರು. ನಾನು ಇದನ್ನು ಮೃದುಗೊಳಿಸದೆ ಹೇಳುತ್ತೇನೆ. ಸೋಲನ್ನು ಗೆಲುವೆಂದು ತೋರಿಸುವ ಕಂತು ಕೇಳುಗರನ್ನೂ ಸತ್ತವರನ್ನೂ ಅಗೌರವಿಸುತ್ತದೆ.

ಈಗ ಕೈಯಲ್ಲಿರುವುದು ರೋಜೆನ್‌ಸ್ಟ್ರಾಸೆಯ ಕಂತು. 1943ರ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ, ಬಂಧಿತರಾದ ಯಹೂದಿ ಗಂಡಂದಿರಿಗಾಗಿ ಬರ್ಲಿನ್ನಿನ ಆ ಬೀದಿಯಲ್ಲಿ ಹೆಂಡತಿಯರು ಗುಂಪಾಗಿ ನಿಂತರು, ಗಂಡಂದಿರ ಬಿಡುಗಡೆಯೂ ಆಯಿತು. ಬಿಡುಗಡೆಗೆ ಆ ಪ್ರತಿಭಟನೆಯೇ ಕಾರಣವೋ ಅಲ್ಲವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಎರಡೂ ವಾದಗಳನ್ನು ಕಥೆಯ ಓಟ ನಿಲ್ಲಿಸದೆ ಹೇಳಬೇಕು. ಒಬ್ಬ ವ್ಯಕ್ತಿಯನ್ನು ಹಿಡಿದು ಕಥೆ ಕಟ್ಟುವ ನನ್ನ ಕ್ರಮಕ್ಕೆ ಇಲ್ಲಿ ಹಿಡಿಯಲು ಒಬ್ಬರಿಲ್ಲ, ಒಂದು ಬೀದಿಯಿದೆ. ದನಿ ಒಂದೇ ಇರಲಿ, ಆದರೆ ದಿನಕ್ಕೊಬ್ಬ ಹೆಂಗಸಿನ ಪಕ್ಕದಿಂದ ಆ ಬೀದಿಯನ್ನು ನೋಡುವಂತೆ ಬರೆಯಬಹುದೇ ಎಂದು ಕೆಲವು ಕರಡು ಮಾಡಿದ್ದೇನೆ. ಅವುಗಳಲ್ಲಿ ಒಂದನ್ನು ಮುಂದಿನ ತಿಂಗಳು ಮುದ್ರಿಸುತ್ತೇನೆ.