ನಾಲ್ಕಕ್ಕೆ ಬಿತ್ತು, ವಾಕರಿಕೆ ನಿಂತಿತು, ಈಗೇನು ಮಾಡಿಕೊಳ್ಳಬೇಕು?

ಮಳೆಗಾಲದ ನಡುವೆ ನಮ್ಮ ಕಡೆ ಒಂದೆರಡು ದಿನ ಹೊಳವಾಗುತ್ತದೆ. ಬಿಸಿಲು ಇಣುಕಿದ್ದೇ ತಡ, ಒದ್ದೆ ಬಟ್ಟೆಯೆಲ್ಲ ಅಂಗಳಕ್ಕೆ ಬರುತ್ತದೆ. ಪೇಟೆ ಕೆಲಸ ಇದ್ದವರು ತೀರ್ಥಹಳ್ಳಿ ಬಸ್ಸು ಹತ್ತುತ್ತಾರೆ. ಮತ್ತೆ ಮಳೆ ಹಿಡಿಯುವುದರೊಳಗೆ ಎಲ್ಲ ಮುಗಿಸಿಕೊಳ್ಳಬೇಕು ಅಲ್ವಾ? ಬಸುರಿಯ ನಾಲ್ಕು, ಐದನೇ ತಿಂಗಳು ಅಂಥದ್ದೇ ಹೊಳವು. ವಾಕರಿಕೆ ಇಳಿಯುತ್ತದೆ, ಊಟ ರುಚಿಸುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನಾನು ಮೊದಲ ಬಸುರಿಯಲ್ಲಿ ಈ ಎರಡು ತಿಂಗಳನ್ನು ಆರಾಮಾಗಿ ಕಳೆದುಬಿಟ್ಟೆ. ಅದರ ದಂಡ ಏಳನೇ ತಿಂಗಳಲ್ಲಿ ಕಟ್ಟಿದೆ. ಎರಡನೇ ಸಲ ಹಾಗೆ ಮಾಡಲಿಲ್ಲ.

1. ಮೊದಲು ವಾರದ ಲೆಕ್ಕ ಹಿಡಿಯಿರಿ

ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ. ಗೊಂದಲ ಶುರುವಾಗುವುದೇ ಇಲ್ಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಒಟ್ಟು 40 ವಾರ, ಅಂದರೆ 280 ದಿನ. 13 ವಾರ ತುಂಬಿ 14ಕ್ಕೆ ಬಿದ್ದರೆ ಎರಡನೇ ತ್ರೈಮಾಸಿಕ. ಇಲ್ಲಿ ನಾನು ಹೇಳುತ್ತಿರುವುದು 14ರಿಂದ 20ನೇ ವಾರದವರೆಗಿನ ವಿಚಾರ. "ಆರಿದ್ರಾ ಮಳೆ ಹೊತ್ತಿಗೆ ಆಗಿದ್ದೆ" ಅಂದರೆ ಡಾಕ್ಟರಿಗೆ ಸಾಲದು. ತಾರೀಖು ನೆನಪಿಲ್ಲದಿದ್ದರೆ ಮೊದಲ ಸ್ಕ್ಯಾನಿನಲ್ಲಿ ಅಳೆದು ಕೊಟ್ಟ ದಿನವನ್ನೇ ಹಿಡಿಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಆ ದಿನದ ಮೇಲೆ 14, 15, 16 ಎಂದು ಬರೆದಿಟ್ಟರೆ ಸಾಕು.

ತಾಯಿ ಕಾರ್ಡ್ ಇನ್ನೂ ಆಗಿಲ್ಲವೇ? ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ. ಖಾಸಗಿ ಡಾಕ್ಟರ ಹತ್ತಿರ ತೋರಿಸುವವರಿಗೂ ಅದು ಬೇಕು. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ ಸಿಗುವ 5,000 ರೂಪಾಯಿಗೂ ಈ ನೋಂದಣಿ ಬೇಕು.

2. ಮೈಯಲ್ಲಿ ಏನೇನು ಬದಲಾಗುತ್ತದೆ

12ನೇ ವಾರದ ಹೊತ್ತಿಗೆ ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಮೇಲೆ ಆಗಷ್ಟೇ ಕೈಗೆ ಸಿಗುತ್ತದೆ. 16ಕ್ಕೆ ಆ ಮೂಳೆಗೂ ಹೊಕ್ಕಳಿಗೂ ನಡುವೆ ಬರುತ್ತದೆ, 20ಕ್ಕೆ ಹೆಚ್ಚುಕಮ್ಮಿ ಹೊಕ್ಕಳ ಮಟ್ಟಕ್ಕೆ. ಅದನ್ನು ಹಿಡಿದಿರುವ ನಾರುಗಳು ಎಳೆಯುತ್ತಾ ಹೋಗುವುದರಿಂದ ಕೆಮ್ಮಿದರೆ, ಗಡಿಬಿಡಿಯಲ್ಲಿ ಎದ್ದರೆ ತೊಡೆಸಂದಿಯ ಹತ್ತಿರ ಛಳಕ್ ಎನ್ನುತ್ತದೆ. ಕ್ಷಣ ಹೊತ್ತು ಇದ್ದು ಹೋದರೆ ಹೆದರಬೇಕಿಲ್ಲ. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕೈ ಊರಿ ಎದ್ದರೆ ಅರ್ಧ ನೋವು ತಪ್ಪುತ್ತದೆ.

ಹೊಕ್ಕಳಿಂದ ಕೆಳಗೆ ಕಪ್ಪು ಗೆರೆ ಬರಬಹುದು, ಕೆನ್ನೆಯ ಮೇಲೆ ಬಂಗು ಕಾಣಿಸಬಹುದು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಆಗೊಮ್ಮೆ ಈಗೊಮ್ಮೆ ಮೂಗಿನಲ್ಲೂ ಒಂದೆರಡು ಹನಿ. ಮೈಯಲ್ಲಿ ರಕ್ತದ ಓಡಾಟ ಜಾಸ್ತಿ ಆಗಿರುವುದೇ ಕಾರಣ. ಮಲಬದ್ಧತೆ, ಎದೆಯುರಿ ಬಹಳ ಮಂದಿಗೆ ಇರುತ್ತದೆ. ತೆಳ್ಳಗೆ ಬಿಳಿ ಹೋಗುವುದು ಸಹಜ. ತುರಿಕೆ, ಕೆಟ್ಟ ವಾಸನೆ ಇದ್ದರೆ ತೋರಿಸಿ. ಕೆಲವರಿಗೆ ವಾಕರಿಕೆ 16ನೇ ವಾರದವರೆಗೂ ಎಳೆಯುತ್ತದೆ. ಪಕ್ಕದ ಮನೆಯವಳಿಗೆ ಮೂರಕ್ಕೇ ನಿಂತಿತು ಎಂದು ಕೊರಗಬೇಡಿ.

3. ಮಾತ್ರೆಗೆ ಹೊತ್ತು ಗೊತ್ತುಮಾಡಿ

ನಾನು ಎಡವಿದ್ದು ಇಲ್ಲಿ. ಮೊದಲ ಮೂರು ತಿಂಗಳು ಬರೀ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕರಿಂದ ಕಬ್ಬಿಣದ ಮಾತ್ರೆ ಶುರು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು, ಹೆರಿಗೆ ಆದ ಮೇಲೂ ಅಷ್ಟೇ ದಿನ. ನಾನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನುಂಗುತ್ತಿದ್ದದ್ದು ಬೆಳಗಿನ ಕಾಫಿ ಲೋಟದ ಜೊತೆ! ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಏಳನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.9. ಬಸುರಿಯಲ್ಲಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. ಆಮೇಲೆ ಕೈಗೆ ಸೂಜಿ ಚುಚ್ಚಿ, ಡ್ರಿಪ್ಪಿನಲ್ಲಿ ಕಬ್ಬಿಣ ಹಾಕಿಸಿಕೊಂಡು ಮಲಗಿದ್ದಾಯಿತು.

ಕ್ಯಾಲ್ಸಿಯಂ ಮಾತ್ರೆಯೂ 14ನೇ ವಾರದಿಂದಲೇ, ದಿನಕ್ಕೆ ಎರಡು. ಇವೆರಡನ್ನೂ ಒಟ್ಟಿಗೆ ನುಂಗಬಾರದು, ಒಂದಕ್ಕೊಂದು ಅಡ್ಡ. ಕನಿಷ್ಠ ಎರಡು ತಾಸು ಅಂತರ ಬೇಕು. ಎರಡನೇ ಸಲ ನಾನು ಹೀಗೆ ಮಾಡಿಕೊಂಡೆ: ಬೆಳಿಗ್ಗೆ ತಿಂಡಿ ಆದ ಮೇಲೊಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟ ಆದ ಮೇಲೊಂದು. ರಾತ್ರಿ ಊಟವಾಗಿ ಎರಡು ತಾಸಿಗೆ ಕೆಂಪು ಮಾತ್ರೆ, ಲಿಂಬೆಹಣ್ಣಿನ ನೀರಿನ ಜೊತೆ. ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಹೊಟ್ಟೆ ಉರಿದರೆ ಊಟವಾದ ಕೂಡಲೇ ನುಂಗಿ, ಬಿಡುವುದಕ್ಕಿಂತ ಅದು ಮೇಲು. ಅತ್ತೆ ಮಲಗುವ ಹೊತ್ತಿಗೆ ಪ್ರೀತಿಯಿಂದ ತಂದುಕೊಡುವ ಹಾಲನ್ನು ಸಂಜೆಗೆ ಹಾಕಿಸಿಕೊಳ್ಳಿ. ಅದಕ್ಕೆ ಕೇಸರಿ ಹಾಕಿದರೆ ಬಣ್ಣ ಬರುವುದು ಹಾಲಿಗೆ ಮಾತ್ರ, ಮಗುವಿಗಲ್ಲ. ಹಾಗೆಯೇ ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಅನ್ನುವುದೂ ಸುಳ್ಳು. ಕಪ್ಪಾಗುವುದು ಮಲ, ಅದಕ್ಕೆ ಹೆದರಬೇಡಿ.

ಈ ತಿಂಗಳುಗಳಲ್ಲಿ ಒಂದು ಸಲ ಜಂತುಹುಳದ ಮಾತ್ರೆಯನ್ನೂ ಕೊಡುತ್ತಾರೆ, ಅಲ್ಬೆಂಡಜೋಲ್ 400 ಮಿಲಿಗ್ರಾಂ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ, ಹಾಗಾಗಿ ನೀವಾಗಿಯೇ ಅಂಗಡಿಯಿಂದ ತಂದು ನುಂಗುವುದು ಬೇಡ. ಧನುರ್ವಾಯು, ಗಂಟಲಮಾರಿ ತಡೆಯುವ ಟಿ.ಡಿ. ಚುಚ್ಚುಮದ್ದು ಎರಡು ಡೋಸ್, ನಡುವೆ ನಾಲ್ಕು ವಾರ. ಎಷ್ಟು ಆಗಿದೆ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ.

4. ಊಟ: ಇಬ್ಬರಿಗಾಗುವಷ್ಟು ಬೇಡ

"ಎರಡು ಜೀವ, ಎರಡು ಪಾಲು ಉಣ್ಣು" ಅನ್ನುತ್ತಾರೆ. ಲೆಕ್ಕ ಹಾಗಿಲ್ಲ. ಈಗ ಹೆಚ್ಚಿಗೆ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದು ಅಕ್ಕಿ ರೊಟ್ಟಿ, ಒಂದು ಮೊಟ್ಟೆ, ಒಂದು ಲೋಟ ಹಾಲು, ಅಷ್ಟಕ್ಕೆ ಸರಿಹೋಗುತ್ತದೆ. ನಮ್ಮ ಊಟದಲ್ಲಿ ಅನ್ನ ಜಾಸ್ತಿ, ಬೇಳೆ ಕಡಿಮೆ. ಬದಲಾಗಬೇಕಾದದ್ದು ಅದು. ಹೆಸರುಕಾಳು, ಹುರುಳಿ, ಹಿತ್ತಲಿನ ನುಗ್ಗೆಸೊಪ್ಪು, ಹರಿವೆ, ಬಸಳೆ, ಮೀನು ತಿನ್ನುವವರಾದರೆ ಚೆನ್ನಾಗಿ ಬೆಂದ ಮೀನು. ಒಂದೆಲಗದ ತಂಬುಳಿಗೆ ಸೊಪ್ಪು ಗದ್ದೆ ಬದುವಿನಿಂದ ತಂದಿದ್ದಾದರೆ ಚೆನ್ನಾಗಿ ತೊಳೆಯಿರಿ, ಬಾಡಿಸಿ ಅರೆದರೆ ಇನ್ನೂ ಒಳ್ಳೆಯದು. ಕಳಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಬೇಯಿಸಿದ್ದು ಖಾತ್ರಿ ಇಲ್ಲದಿದ್ದರೆ ಈ ವರ್ಷ ಬಿಡಿ, ಮುಂದಿನ ಮಳೆಗಾಲಕ್ಕೂ ಬರುತ್ತದೆ. ಗುರುತಿಲ್ಲದ ಅಣಬೆಯಂತೂ ಬೇಡವೇ ಬೇಡ.

ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ, ಮೊಟ್ಟೆ, ಹಾಲು 2017ರಿಂದ ಇದೆ. ಸಂಕೋಚ ಬೇಡ, ಹೋಗಿ.

ಒಂದು ವಿಷಯ ಮಾತ್ರ ಗಮನವಿಟ್ಟು ನೋಡಿ. ಅಕ್ಕಿ ಕೇರುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತದೆಯೇ? ಸೀಮೆಸುಣ್ಣ, ಮಣ್ಣಿನ ವಾಸನೆಗೆ ಮನಸ್ಸು ಓಡುತ್ತದೆಯೇ? ಮನೆಯವರು ಬಯಕೆ ಎಂದು ನಗುತ್ತಾರೆ. ಎಷ್ಟೋ ಸಲ ಅದು ರಕ್ತ ಕಡಿಮೆ ಇರುವುದರ ಗುರುತು. ಮುಂದಿನ ತಪಾಸಣೆಯಲ್ಲಿ ನಾಚಿಕೆ ಬಿಟ್ಟು ಹೇಳಿ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ: ಕವಳ ಈಗ ಬೇಡ. ಹೊಗೆಸೊಪ್ಪು ಮಾತ್ರವಲ್ಲ, ಬರೀ ಅಡಿಕೆಯೂ ಒಳ್ಳೆಯದಲ್ಲ. ಊಟದ ನಂತರ ಬಾಯಿ ಕೇಳಿದರೆ ಸೋಂಪು ಹಾಕಿಕೊಳ್ಳಿ.

5. ಐದನೇ ತಿಂಗಳ ಸ್ಕ್ಯಾನಿಗೆ ಈಗಲೇ ದಿನ ಗೊತ್ತುಮಾಡಿ

18ರಿಂದ 20ನೇ ವಾರದೊಳಗೆ ಮಾಡುವುದು ಅನಾಮಲಿ ಸ್ಕ್ಯಾನ್. ಮಗುವಿನ ಅಂಗಾಂಗ ಸರಿಯಾಗಿ ರೂಪುಗೊಂಡಿದೆಯೇ ಎಂದು ತಲೆಯಿಂದ ಪಾದದವರೆಗೆ ನೋಡುತ್ತಾರೆ. ಎಲ್ಲ ಊರಿನಲ್ಲೂ ಇದು ಆಗುವುದಿಲ್ಲ. ತಾಲ್ಲೂಕಿನವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕಾಗುತ್ತದೆ. 16ನೇ ವಾರಕ್ಕೇ ಫೋನ್ ಮಾಡಿ ದಿನ ಹಿಡಿಯಿರಿ. ನಾನು ಮೊದಲ ಸಲ ಹೇಳದೆ ಕೇಳದೆ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋದೆ. "ಡಾಕ್ಟರ್ ರಜೆ, ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರ ಮನೆಯಲ್ಲಿ ಶ್ರಾದ್ಧ. ಹೀಗೇ 22 ವಾರ ಆಗಿಹೋಯಿತು.

ತಡವಾದರೆ ಏನಂತೆ? ಒಂದು ವೇಳೆ ಏನಾದರೂ ದೊಡ್ಡ ದೋಷ ಕಂಡರೆ ಮತ್ತೊಂದು ಪರೀಕ್ಷೆಗೆ, ಇನ್ನೊಬ್ಬ ಡಾಕ್ಟರನ್ನು ಕೇಳಲು, ಮನೆಯವರು ಯೋಚಿಸಲು ಹೊತ್ತು ಬೇಕು. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಲ್ಲೂ 20 ವಾರ, 24 ವಾರ ಅನ್ನುವುದು ದೊಡ್ಡ ಗಡಿಗಳು. 24 ದಾಟಿದ ಮೇಲೆ ಮಗುವಿನಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಬಹಳ ಮಂದಿಗೆ ಇದ್ಯಾವುದೂ ಬೇಕಾಗುವುದಿಲ್ಲ. ಆದರೂ ಆ ಹೊತ್ತು ಕೈಯಲ್ಲಿರಲಿ.

ಒಳಗೆ ಏನಾಗುತ್ತದೆ ಎಂದರೆ, ಮೊದಲು ಒಂದು ಫಾರಂಗೆ ಸಹಿ. ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ನನಗಿಲ್ಲ ಎಂಬ ಹೇಳಿಕೆ ಅದು. 1994ರ ಕಾಯ್ದೆಯ ಪ್ರಕಾರ ಕೇಳುವುದೂ ತಪ್ಪು, ಹೇಳುವುದೂ ತಪ್ಪು. ಗುರುತಿನ ಚೀಟಿ ಒಯ್ಯಿರಿ. ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚುತ್ತಾರೆ, ಮೈ ಜುಂ ಎನ್ನುತ್ತದೆ. ಅರ್ಧ ತಾಸಾದರೂ ಹಿಡಿಯಬಹುದು. ಡಾಕ್ಟರ್ ಮಾತಾಡದೆ ಪರದೆ ನೋಡುತ್ತಿದ್ದರೆ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಅವರು ಎಣಿಸುತ್ತಿರುತ್ತಾರೆ, ಅಷ್ಟೇ: ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ಎರಡು ಕಿಡ್ನಿ, ಕೈಕಾಲು. ಮಗು ಬೆನ್ನು ಹಾಕಿ ಮಲಗಿದ್ದರೆ "ಸ್ವಲ್ಪ ಓಡಾಡಿ ಬನ್ನಿ" ಎಂದು ಹೊರಗೆ ಕಳಿಸುತ್ತಾರೆ. ಅದಕ್ಕೂ ಹೆದರಬೇಡಿ.

ವರದಿಯಲ್ಲಿ "ಪ್ಲಾಸೆಂಟಾ ಕೆಳಗಿದೆ" ಎಂದು ಬಂದರೆ ಮನೆಯಲ್ಲಿ ಗಾಬರಿ ಏಳುತ್ತದೆ. ಪ್ಲಾಸೆಂಟಾ ಅಂದರೆ ಮಾಸು. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ತಾನಾಗಿ ಮೇಲಕ್ಕೆ ಸರಿಯುತ್ತದೆ. 32ನೇ ವಾರದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಡಾಕ್ಟರ್ ಹೇಳಿದಷ್ಟು ಎಚ್ಚರ ಸಾಕು. ರಕ್ತ ಕಂಡರೆ ಮಾತ್ರ ಕಾಯುವಂತಿಲ್ಲ.

ಇದರ ನಡುವೆ ತಿಂಗಳ ತಪಾಸಣೆ ಬಿಡಬೇಡಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರನ್ನು ಡಾಕ್ಟರೇ ಉಚಿತವಾಗಿ ನೋಡುತ್ತಾರೆ. ಬಿಪಿ, ತೂಕ, ಮೂತ್ರ, ಹಿಮೋಗ್ಲೋಬಿನ್ ಎಲ್ಲವನ್ನೂ ಅಲ್ಲೇ ಬರೆಸಿಕೊಳ್ಳಿ. ಸಕ್ಕರೆ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಕೇಳಿ. ಈಗ ಸರಿ ಬಂದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಬೇಕು.

6. ಕಾಡು, ತೋಟ, ಅಂಗಳ

ಕೆಲಸ ಬಿಟ್ಟು ಮಲಗಿ ಎಂದು ಯಾರೂ ಹೇಳುವುದಿಲ್ಲ. ನಡೆಯುವುದು ಒಳ್ಳೆಯದೇ. ಆದರೆ ಅಡಿಕೆ ಕೊಯ್ಲಿನಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಸುಲಿಯುವುದು ಬೇಡ. ಸೊಂಟ ಹಿಡಿಯುತ್ತದೆ, ಕಾಲು ಬಾಯುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಒದ್ದೆ ಕಾಲುಸಂಕ ಎರಡನ್ನೂ ನಂಬಬೇಡಿ. ಹೊಟ್ಟೆ ಬೆಳೆದಂತೆ ಮೈಯ ಸಮತೋಲ ಬದಲಾಗಿರುತ್ತದೆ. ಬಚ್ಚಲಿನ ಹಂಡೆಯ ಸುಡುಸುಡು ನೀರನ್ನು ಮೈ ಕೆಂಪಾಗುವಂತೆ ಹುಯ್ದುಕೊಳ್ಳುವುದು ಬಾಣಂತನಕ್ಕೂ ಅತಿಯೇ, ಈಗಂತೂ ಬೇಡ.

ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ದರಗು, ಸೊಪ್ಪು ತರಲು ಕಾಡಿಗೆ ಹೋಗುವುದನ್ನು ಮನೆಯ ಬೇರೆಯವರಿಗೆ ಬಿಡಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚುವುದರಿಂದ ಬರುತ್ತದೆ. ಕಾಡಿಗೆ ಹೋಗಿಬಂದವರು ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಮಿಂದು ಒಳಗೆ ಬರಲಿ. ಜ್ವರ ಬಂದರೆ ಬಸುರಿ ಎಂಬುದನ್ನೂ ಕಾಡಿನ ಹತ್ತಿರದ ಮನೆ ಎಂಬುದನ್ನೂ ಆಸ್ಪತ್ರೆಯಲ್ಲಿ ಮೊದಲೇ ಹೇಳಿ.

7. ದಾರಿಯ ಲೆಕ್ಕ

ರಕ್ತ ಹೋಗುವುದು, ನೀರು ಸೋರುವುದು, ಬಿಟ್ಟುಬಿಡದ ಹೊಟ್ಟೆನೋವು, ಜ್ವರ, ಉರಿಮೂತ್ರ, ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು. ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಎನ್ನುವುದು ಸುಲಭ. ನಮ್ಮ ಕಡೆ ನೆಟ್‌ವರ್ಕ್ ಸಿಗಬೇಕಲ್ಲ? ಗುಡ್ಡದ ಯಾವ ತುದಿಯಲ್ಲಿ ಎರಡು ಕಡ್ಡಿ ಬರುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಯವರೆಗೆ ಯಾರ ಜೀಪು, ಅದಿಲ್ಲದಿದ್ದರೆ ಇನ್ಯಾರದು, ಎಲ್ಲವನ್ನೂ ಈ ಹೊಳವಿನಲ್ಲೇ ಮಾತಾಡಿಡಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಗೋಳು 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ತಪ್ಪಿತು, ಆದರೆ ಒಳದಾರಿಗಳು ಹಾಗೇ ಇವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ನಿಮ್ಮ ಮನೆಯಿಂದ ಎಷ್ಟು ಹೊತ್ತು ಎಂದು ಮಳೆಗಾಲದ ಲೆಕ್ಕದಲ್ಲೇ ಹಾಕಿ.

8. ಮಿಸುಕಾಟಕ್ಕೆ ಕಾಯುವುದು

ಮೊದಲ ಬಸುರಿಯಲ್ಲಿ 18ರಿಂದ 20ನೇ ವಾರಕ್ಕೆ, ಎರಡನೆಯದರಲ್ಲಿ ಇನ್ನೂ ಸ್ವಲ್ಪ ಮುಂಚೆ ಮಗು ಮಿಸುಕುವುದು ಗೊತ್ತಾಗುತ್ತದೆ. 20 ವಾರದ ಮಗು ತಲೆಯಿಂದ ಹಿಮ್ಮಡಿಗೆ ಸುಮಾರು 25 ಸೆಂಟಿಮೀಟರ್, ತೂಕ 300 ಗ್ರಾಂ ಆಸುಪಾಸು. ಒದೆತ ಇರಲಿ, ಮೊದಮೊದಲು ಅದು ಗ್ಯಾಸಿನಂತೆಯೇ ಇರುತ್ತದೆ. ನಾನು ಬೇಯಿಸಿದ ಅಡಿಕೆ ಹರಡುತ್ತಿದ್ದೆ. ಹೊಟ್ಟೆಯೊಳಗೆ ಸಣ್ಣ ಮೀನು ಬಾಲ ಬಡಿದಂತಾಯಿತು. ಬೆಳಗಿನ ಕಡುಬು ಜಾಸ್ತಿ ಆಯಿತೇನೋ ಅಂದುಕೊಂಡು ಸುಮ್ಮನಾದೆ. ಮಧ್ಯಾಹ್ನ ಮಲಗಿದಾಗ ಮತ್ತೆ ಅದೇ ಜಾಗದಲ್ಲಿ ಎರಡು ಸಲ. ಮನೆಗೆ ಬಂದ ಆಶಾ ಅಕ್ಕನಿಗೆ ಹೇಳಿದರೆ "ಅದೇ ಮಾರಾಯ್ತಿ, ಅದೇ" ಎಂದು ನಕ್ಕಳು. ತಾಯಿ ಕಾರ್ಡ್ ತೆಗೆಸಿ ಆ ದಿನದ ತಾರೀಖು ಬರೆದಳು. ನೀವೂ ಬರೆದಿಡಿ, ಮುಂದಿನ ತಪಾಸಣೆಯಲ್ಲಿ ಕೇಳುತ್ತಾರೆ. 22 ವಾರ ದಾಟಿದರೂ ಏನೂ ಗೊತ್ತಾಗದಿದ್ದರೆ ಅದನ್ನೂ ಹೋಗಿ ಹೇಳಿ. ಮಾಸು ಮುಂದಿನ ಗೋಡೆಗೆ ಅಂಟಿಕೊಂಡಿದ್ದರೆ ತಡವಾಗಿ ತಿಳಿಯುವುದೂ ಉಂಟು.