ಜೇಬಿನ ಚಾಕು: ಯಾವ ದೋಷ ದೊಡ್ಡದು, ಯಾವ ಗೀರು ಸುಮ್ನೆ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ನನ್ನ ಮಡಚುವ ಚಾಕುವಿಗೆ ಬಿಡುವಿಲ್ಲ. ಹಗ್ಗ, ಗೊಬ್ಬರದ ಚೀಲ, ಡ್ರಿಪ್ ಪೈಪು, ಎಲ್ಲಕ್ಕೂ ಅದೇ.

ಕೊಳ್ಳುವಾಗ ಅಂಗಡಿಯಲ್ಲೇ ಬಿಚ್ಚಿ ನೋಡಿ. ಮೊದಲು ಲಾಕ್, ಅಂದರೆ ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಭಾಗ. ಅಲಗು ಮಡಚುವ ದಾರಿಯಿಂದ ಬೆರಳು ದೂರ ಇಟ್ಟು, ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ. ಲಾಕ್ ಜಾರಿತೋ, ವಾಪಸ್ ಕೊಡಿ. ಚೌಕಾಸಿ ಕೂಡ ಬೇಡ. ಅಲಗು ಅಕ್ಕಪಕ್ಕ ಆಡಿದರೆ ಪಿವಟ್ (ಅಲಗು ತಿರುಗುವ ಕೀಲು) ಸ್ಕ್ರೂ ಬಿಗಿ ಮಾಡಿ ನೋಡಬಹುದು. ಮೇಲೆ ಕೆಳಗೆ ಆಡಿದರೆ ಸಾಮಾನ್ಯವಾಗಿ ಲಾಕಿನದೇ ದೋಷ. ಮಡಚಿದಾಗ ಅಲಗು ಸ್ವಲ್ಪ ಒಂದು ಕಡೆ ವಾಲಿದೆಯಾ? ಹಿಡಿಗೆ ಉಜ್ಜದಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಪ್ಪು ಪೇಂಟ್ ಹೊಡೆದ ಅಲಗಿಗೆ ರಟ್ಟು ಕೊಯ್ದರೂ ಗೆರೆ ಬೀಳುತ್ತದೆ. ಡಿಎಲ್‌ಸಿ (ವಜ್ರದಂಥ ಕಾರ್ಬನ್) ಲೇಪ ಗಟ್ಟಿ, ಬೆಲೆಯೂ ಜಾಸ್ತಿ. ನನ್ನ ಆಯ್ಕೆ ಸ್ಟೋನ್‌ವಾಶ್, ಅಂದರೆ ಸಣ್ಣ ಕಲ್ಲುಗಳ ಜೊತೆ ಉರುಳಿಸಿ ಮಂಕು ಮಾಡಿದ ಅಲಗು. ಅದರಲ್ಲಿ ಮೊದಲೇ ಸಣ್ಣ ಗೀರು ತುಂಬಿರುವುದರಿಂದ ಹೊಸದು ಎದ್ದು ಕಾಣುವುದಿಲ್ಲ.

ಅಡಿಕೆ ಚೊಗರು ತಾಗಿದರೆ ಕಾರ್ಬನ್ ಸ್ಟೀಲ್ ಕಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಬಂದ ಬಣ್ಣ ಅದು, ಗಾಬರಿ ಬೇಡ. ಕೆಂಪು ತುಕ್ಕಿನ ಕಥೆ ಬೇರೆ, ಅದು ಲೋಹವನ್ನೇ ತಿನ್ನುತ್ತದೆ. ಡಿ2 ಎಂಬ ಬಗೆಯ ಸ್ಟೀಲಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 12% ಇದ್ದರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಮ್ಮ ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಚುಕ್ಕೆ ಹಿಡಿಯುತ್ತದೆ. ಸಂಜೆ ಒರೆಸಿ, ಪಿವಟ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಅಡುಗೆಮನೆಯ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಅದೇ ಚಾಕುವಲ್ಲಿ ಮಾವಿನಹಣ್ಣು ಕೊಯ್ಯುವವರು ಮೊದಲು ಸೋಪು ಹಾಕಿ ತೊಳೆಯಿರಿ, ಅಲ್ವಾ!