ಹಳೇ ಪಾಕೆಟ್ ಟಿವಿಯಲ್ಲಿ ಮತ್ತೆ ಚಿತ್ರ ಬರಿಸುವುದು ಹೇಗೆ

ಅಟ್ಟದಲ್ಲೋ ಕಪಾಟಿನ ತಳದಲ್ಲೋ ಹಳೇ ಪಾಕೆಟ್ ಟಿವಿ ಸಿಕ್ಕಿತಾ? ಕೂಡಲೇ ಸೆಲ್ ಹಾಕಿ ಆನ್ ಮಾಡಬೇಡಿ. ಮೊದಲು ಸೆಲ್ ಜಾಗದ ಮುಚ್ಚಳ ತೆಗೆದು ಒಳಗೆ ಏನಿದೆ ನೋಡಿ.

ನನಗೆ ಬೇಸರ ತರುವ ವಿಷಯ ಒಂದಿದೆ. ಜನ ಇಂಥ ಸೆಟ್ ಆನ್ ಮಾಡುತ್ತಾರೆ, ಬರೀ ಚುಕ್ಕಿ ಕಾಣುತ್ತದೆ, ‘ಹಾಳಾಗಿದೆ’ ಅಂತ ಗುಜರಿಗೆ ಹಾಕುತ್ತಾರೆ. ಚುಕ್ಕಿ ಬಂದು ಸ್ಪೀಕರಿನಲ್ಲಿ ‘ಸ್ಸ್’ ಅಂತ ಕೇಳಿದರೆ ಆ ಸೆಟ್ ಬಹುಶಃ ಚೆನ್ನಾಗಿಯೇ ಇದೆ ಎಂದರ್ಥ. ಅದಕ್ಕೆ ಬೇಕಾದ, ಡಿಜಿಟಲ್‌ಗಿಂತ ಹಿಂದಿನ ಅನಲಾಗ್ ಸಿಗ್ನಲ್ ಈಗ ಬಹುತೇಕ ಕಡೆ ಗಾಳಿಯಲ್ಲಿ ಇಲ್ಲ, ಅಷ್ಟೇ. ಅಮೆರಿಕದಲ್ಲಿ ದೊಡ್ಡ ಸ್ಟೇಷನ್‌ಗಳು 2009ರ ಜೂನ್ 12ಕ್ಕೆ ಅನಲಾಗ್ ನಿಲ್ಲಿಸಿದವು. ಜಪಾನಿನ ಬಹುಪಾಲು ಕಡೆ 2011ರ ಜುಲೈ 24ಕ್ಕೆ ನಿಂತಿತು. ನಮ್ಮಲ್ಲಿ ಆಯಕಟ್ಟಿನ ಸುಮಾರು 50 ಜಾಗ ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಒಳಗೆ ಮುಚ್ಚುವುದಾಗಿ ದೂರದರ್ಶನ ನಡೆಸುವ ಪ್ರಸಾರ ಭಾರತಿ ಹೇಳಿತ್ತು. ಹಾಗಾಗಿ ಸಿಗ್ನಲ್ಲನ್ನು ನಾವೇ ಮನೆಯಲ್ಲಿ ತಯಾರಿಸಿ ವೈರಿನಲ್ಲಿ ಕೊಡಬೇಕು. ಇದು ಕಷ್ಟದ ಕೆಲಸ ಅಲ್ಲ.

ನಮ್ಮಪ್ಪನದು ಮಂಗಳೂರಿನಲ್ಲಿ ಟಿವಿ ರಿಪೇರಿ ಅಂಗಡಿ. ಗಲ್ಫ್‌ನಿಂದ ರಜೆಗೆ ಬಂದವರು ತಂದ ಕೈ ಟಿವಿಗಳು ನಮ್ಮ ಮೇಜಿಗೆ ಬರುತ್ತಿದ್ದವು. ನಾನು ಸೋಲ್ಡರಿಂಗ್ ಕಲಿತದ್ದು ಅವುಗಳ ಮೇಲೆಯೇ.

ಈಗ ಕೆಲಸಕ್ಕೆ ಬರೋಣ. ಒಳಗೆ ಹಳೇ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ. ಆಲ್ಕಲೈನ್ ಸೆಲ್ ಸೋರಿದರೆ ಬರುವುದು ಕ್ಷಾರ. ಹತ್ತಿಯನ್ನು ವಿನೆಗರಿನಲ್ಲೋ ನಿಂಬೆ ರಸದಲ್ಲೋ ಸ್ವಲ್ಪವೇ ಅದ್ದಿ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಸ್ಪ್ರಿಂಗ್ ಹಸಿರಾಗಿದ್ದರೆ ನುಣುಪಾದ ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿ.

ಬಹಳಷ್ಟು ಸೆಟ್‌ಗಳಿಗೆ 4 ಪೆನ್ಸಿಲ್ ಸೆಲ್, ಅಂದರೆ 6 ವೋಲ್ಟ್ ಬೇಕು. ರೀಚಾರ್ಜ್ ಸೆಲ್ ತಲಾ 1.2 ವೋಲ್ಟ್ ಕೊಡುವುದರಿಂದ ಒಟ್ಟು 4.8 ಆಗುತ್ತದೆ. ಕೆಲವು ಸೆಟ್ ಅದರಲ್ಲೂ ಓಡುತ್ತವೆ, ಕೆಲವಕ್ಕೆ ಸಾಲುವುದಿಲ್ಲ. ಮೊದಲ ಪರೀಕ್ಷೆಗೆ ಹೊಸ ಆಲ್ಕಲೈನ್ ಸೆಲ್ಲೇ ಹಾಕಿ. ಅಡಾಪ್ಟರ್ ಬಳಸುವುದಾದರೆ ಸಾಕೆಟ್ ಪಕ್ಕದ ಗುರುತು ನೋಡಲೇಬೇಕು. ಒಳಗಿನ ಪಿನ್ ಪ್ಲಸ್ಸೋ ಮೈನಸ್ಸೋ ಎನ್ನುವುದು ಆ ಕಾಲದ ಸೆಟ್‌ಗಳಲ್ಲಿ ಒಂದೇ ಥರ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆಯೇ ಚುಚ್ಚಿ.

ಸೆಟ್ ಯಾವ ದೇಶದ್ದು?

ಇದೇ ಎಲ್ಲಕ್ಕಿಂತ ಮುಖ್ಯ. ಭಾರತದಲ್ಲಿ ಇದ್ದದ್ದು ಪಾಲ್ ಬಿ/ಜಿ ಪದ್ಧತಿ. ಸೆಕೆಂಡಿಗೆ 50 ಫೀಲ್ಡ್ (ಅಂದರೆ ಅರ್ಧ ಚಿತ್ರ), 625 ಗೆರೆ, ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ ಧ್ವನಿ. ದುಬೈ, ಬಹರೈನ್, ಕುವೈತಿನಲ್ಲೂ ಅದೇ ಪದ್ಧತಿ. ಗಲ್ಫ್‌ನ ಸೆಟ್‌ಗಳು ನಮ್ಮೂರಲ್ಲಿ ಏನೂ ಬದಲಿಸದೆ ಓಡಿದ್ದು ಇದೇ ಕಾರಣಕ್ಕೆ. ಅಮೆರಿಕ, ಜಪಾನಿನದು ಎನ್‌ಟಿಎಸ್‌ಸಿ: 60 ಫೀಲ್ಡ್, 525 ಗೆರೆ, 4.5 ಮೆಗಾಹರ್ಟ್ಸ್‌ನಲ್ಲಿ ಧ್ವನಿ. ಅಂಥ ಸೆಟ್ಟಿಗೆ ನಮ್ಮ ಸಿಗ್ನಲ್ ಕೊಟ್ಟರೆ ಚಿತ್ರ ಉರುಳುತ್ತದೆ. ಕಪ್ಪು-ಬಿಳುಪು ಸೆಟ್ಟಾದರೆ ಉರುಳುವುದನ್ನು ತಡೆಯುವ ವರ್ಟಿಕಲ್ ಹೋಲ್ಡ್ ಗುಂಡಿ ತಿರುಗಿಸಿ ಕೆಲವೊಮ್ಮೆ ಚಿತ್ರ ನಿಲ್ಲಿಸಬಹುದು. ಧ್ವನಿ ಮಾತ್ರ ಬರುವುದಿಲ್ಲ.

ಸೆಟ್ಟಿನ ಹಿಂಬದಿಯ ಚೀಟಿ ಅಳಿಸಿ ಹೋಗಿದೆಯಾ? ಟ್ಯೂನಿಂಗ್ ಪಟ್ಟಿ ನೋಡಿ. ಅದರಲ್ಲಿ ವಿಎಚ್‌ಎಫ್, ಯುಎಚ್‌ಎಫ್ ಎಂಬ ತರಂಗ ಬ್ಯಾಂಡ್‌ಗಳ ಚಾನೆಲ್ ನಂಬರ್ ಇರುತ್ತದೆ. ವಿಎಚ್‌ಎಫ್ 2ರಿಂದ 13, ಯುಎಚ್‌ಎಫ್ 14ರಿಂದ ಶುರು ಅಂತಿದ್ದರೆ ಅಮೆರಿಕದ್ದು. ವಿಎಚ್‌ಎಫ್ 12ಕ್ಕೆ ಮುಗಿದು ಯುಎಚ್‌ಎಫ್ 21ರಿಂದ ಶುರುವಾದರೆ ನಮ್ಮ, ಗಲ್ಫ್‌ನ ಪದ್ಧತಿ. ವಿಎಚ್‌ಎಫ್ 1ರಿಂದ 12, ಯುಎಚ್‌ಎಫ್ 13ರಿಂದ 62 ಅಂತಿದ್ದರೆ ಜಪಾನಿನ ಒಳಗೇ ಮಾರಿದ ಸೆಟ್. ವಿಎಚ್‌ಎಫ್ ಇಲ್ಲವೇ ಇಲ್ಲ, ಬರೀ ಯುಎಚ್‌ಎಫ್ 21ರಿಂದ ಇದೆ ಎಂದರೆ ಬ್ರಿಟನ್ನಿನದು ಇರಬಹುದು. ಅಲ್ಲಿ ಧ್ವನಿ 6 ಮೆಗಾಹರ್ಟ್ಸ್‌ನಲ್ಲಿ.

ಸೋನಿ ವಾಚ್‌ಮನ್ ಎಂಬ ಪಾಕೆಟ್ ಟಿವಿ ಸಿಕ್ಕವರು ಇನ್ನೂ ಸ್ವಲ್ಪ ಜಾಗ್ರತೆಯಿಂದಿರಿ. 1982ರಲ್ಲಿ ಜಪಾನಿನಲ್ಲಿ ಬಂದ ಮೊದಲ ಮಾಡೆಲ್ ಎಫ್‌ಡಿ-210ಕ್ಕೆ 2 ಇಂಚಿನ ಕಪ್ಪು-ಬಿಳುಪು ಪರದೆ. ಅದು ಗಾಜಿನ ಪಿಕ್ಚರ್ ಟ್ಯೂಬ್. ಎಲೆಕ್ಟ್ರಾನ್ ಗನ್ನನ್ನು ಪರದೆಯ ಹಿಂದೆ ಇಡದೆ ಕೆಳಗೆ ಇಟ್ಟರು. ಹಾಗಾಗಿಯೇ ಸೆಟ್ ಅಷ್ಟು ತೆಳ್ಳಗಾಯಿತು. ಆ ಬುದ್ಧಿಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಟ್ಯೂಬ್ ಎಷ್ಟೇ ಪುಟ್ಟದಿದ್ದರೂ ಅದಕ್ಕೆ ಹೋಗುವುದು ಸಾವಿರಾರು ವೋಲ್ಟ್. ಅಭ್ಯಾಸ ಇಲ್ಲದವರು ಅದರ ಕವಚ ಬಿಚ್ಚಬೇಡಿ. ಎಲ್‌ಸಿಡಿ ಸೆಟ್‌ಗಳಲ್ಲೂ ಹಿಂದೆ ಪುಟ್ಟ ಟ್ಯೂಬ್‌ಲೈಟ್ ಇದ್ದರೆ ನೂರಾರು ವೋಲ್ಟ್ ಇರುತ್ತದೆ.

ಎವಿ ಜ್ಯಾಕ್ ಇದ್ದರೆ ಅರ್ಧ ಕೆಲಸ ಮುಗಿದಂತೆ

ಸೆಟ್ಟಿನ ಪಕ್ಕದಲ್ಲಿ 3.5 ಎಂಎಂ ತೂತಿನ ಹತ್ತಿರ ಎವಿ ಇನ್ (ಆಡಿಯೊ, ವಿಡಿಯೊ ಒಳಗೆ ಕೊಡುವ ಜಾಗ) ಅಂತ ಇದೆಯಾ ನೋಡಿ. ಇದ್ದರೆ ಡಿಡಿ ಫ್ರೀ ಡಿಶ್ ಬಾಕ್ಸಿನ ಹಳದಿ, ಬಿಳಿ ಪಿನ್ನಿನಿಂದ ನೇರ ಕೊಡಬಹುದು. ಬಾಕ್ಸಿನ ಮೆನುವಿನಲ್ಲಿ ಟಿವಿ ಪದ್ಧತಿ ಆರಿಸುವ ಜಾಗ ಸಾಮಾನ್ಯವಾಗಿ ಇರುತ್ತದೆ. ಅಮೆರಿಕದ ಸೆಟ್ಟಾದರೆ ಅಲ್ಲಿ ಎನ್‌ಟಿಎಸ್‌ಸಿ ಮಾಡಿ. ಚಿತ್ರದ ಆಕಾರ 4:3 ಮಾಡಿ, ಅದರಲ್ಲೂ ಅಕ್ಕಪಕ್ಕ ಕತ್ತರಿಸಿ ಪರದೆ ತುಂಬಿಸುವ ಪ್ಯಾನ್ ಸ್ಕ್ಯಾನ್ ಆರಿಸಿ. ಇಲ್ಲದಿದ್ದರೆ 2 ಇಂಚಿನ ಪರದೆಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ನೋಡಲು ಏನೂ ಉಳಿಯುವುದಿಲ್ಲ.

ಮೊಬೈಲ್ ಅಥವಾ ಲ್ಯಾಪ್‌ಟಾಪಿನಿಂದ ಕೊಡಬೇಕೆಂದರೆ ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಅದರ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಸ್ವಿಚ್ ಇರುವುದನ್ನೇ ತೆಗೆದುಕೊಳ್ಳಿ. ಸ್ಪೀಕರಿನಲ್ಲಿ ಜೋರಾಗಿ ‘ಬರ್ರ್’ ಅಂದರೆ ವಿಡಿಯೊ ತಪ್ಪಿ ಆಡಿಯೊ ಕಡೆ ಹೋಗುತ್ತಿದೆ. ಪಿನ್ ಅದಲು ಬದಲು ಮಾಡಿ. ವಿಡಿಯೊ ಸಿಗ್ನಲ್ ಬರೀ 1 ವೋಲ್ಟಿನಷ್ಟು, ಹೆದರಬೇಡಿ.

ಜ್ಯಾಕ್ ಇಲ್ಲದಿದ್ದರೆ ಮಾಡ್ಯುಲೇಟರ್

ನನಗೆ ತುಂಬಾ ಇಷ್ಟದ ದಾರಿ ಇದು. ಇದರಲ್ಲಿ ಸೆಟ್ ತನ್ನ ಪೂರ್ತಿ ಕೆಲಸ ಮಾಡುತ್ತದೆ. ನೀವು ಗುಂಡಿ ತಿರುಗಿಸಿ ಸ್ಟೇಷನ್ ಹುಡುಕಲೇಬೇಕು. ಚುಕ್ಕಿಗಳ ನಡುವಿನಿಂದ ಒಂದು ಮುಖ ಮೆಲ್ಲಗೆ ಮೂಡುತ್ತದಲ್ವಾ, ಆ ಖುಷಿ ಎವಿ ಜ್ಯಾಕಿನಲ್ಲಿ ಸಿಗುವುದಿಲ್ಲ. ಡಿಜಿಟಲ್ ಚಿತ್ರ ಬಂದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಅನಲಾಗ್ ಹಾಗಲ್ಲ. ಸಿಗ್ನಲ್ ಕಡಿಮೆಯಾದರೂ ಒಂದಿಷ್ಟು ಕಾಣಿಸುತ್ತಲೇ ಇತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ರಿಕೆಟ್ ಕ್ವಾರ್ಟರ್ ಫೈನಲ್ ನಡೆದಾಗ ನಮ್ಮ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ಸೋದರಮಾವ ಬಹರೈನಿನಿಂದ ತಂದ ಕ್ಯಾಸಿಯೊ ಕೈ ಟಿವಿಯನ್ನು ಅಪ್ಪ ಅಂಗಡಿಯ ಗಾಜಿನ ಕಪಾಟಿನ ಮೇಲೆ ಇಟ್ಟರು. ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ರ ಸ್ಟಂಪ್ ಹಾರಿಸಿದ್ದನ್ನು ಮುಂದೆ ನಿಂತ ನಾಲ್ಕೈದು ಜನ ಕಣ್ಣಾರೆ ನೋಡಿದರು. ಹಿಂದಿದ್ದವರಿಗೆ ಕೂಗಿದ್ದಷ್ಟೇ ಕೇಳಿಸಿತು. ಒಬ್ಬರು ಏರಿಯಲ್ ಹಿಡಿದೇ ನಿಂತಿದ್ದರು, ಕೈ ಬಿಟ್ಟರೆ ಚಿತ್ರ ಹೋಗುತ್ತಿತ್ತು.

ಮಾಡ್ಯುಲೇಟರ್ ಎಂದರೆ ಆಡಿಯೊ, ವಿಡಿಯೊ ಒಳಗೆ ತೆಗೆದುಕೊಂಡು ಟಿವಿ ಚಾನೆಲ್ಲಾಗಿ ಹೊರಗೆ ಕೊಡುವ ಡಬ್ಬಿ. ಕೇಬಲ್ ಆಪರೇಟರುಗಳ ಹತ್ತಿರ ಇವು ಸಾಲಾಗಿ ಇರುತ್ತಿದ್ದವು. ಬೆಂಗಳೂರು, ಮೈಸೂರಿನಲ್ಲಿ 2013ರಲ್ಲಿ ಕೇಬಲ್ ಡಿಜಿಟಲ್ ಆಗಿ ಅವು ಮೂಲೆಗೆ ಬಿದ್ದವು. ಪರಿಚಯದ ಆಪರೇಟರನ್ನು ವಿಚಾರಿಸಿ, ಅಥವಾ ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಕೊಳ್ಳುವ ಮುಂಚೆ ಅದರ ಮೇಲೆ ಬರೆದ ಚಾನೆಲ್ ಓದಿ. ಇ5, ಇ10 ಥರ ‘ಇ’ ಇದ್ದರೆ ನಮ್ಮ, ಗಲ್ಫ್‌ನ ಪದ್ಧತಿಯ ಸೆಟ್ಟಿನಲ್ಲಿ ಸಿಗುತ್ತದೆ. ‘ಎಸ್’ ಎಂದಿದ್ದರೆ ಬಿಟ್ಟುಬಿಡಿ. ಅದು ಕೇಬಲ್ಲಿಗೆಂದೇ ಇದ್ದ ಬ್ಯಾಂಡ್, ಹಳೇ ಕೈ ಟಿವಿಗಳು ಅಲ್ಲಿಗೆ ಹೋಗುವುದಿಲ್ಲ. ಅಮೆರಿಕದ ಸೆಟ್ಟಿಗೆ 3, 4ನೇ ಚಾನೆಲ್ ಸ್ವಿಚ್ ಇರುವ ಎನ್‌ಟಿಎಸ್‌ಸಿ ಮಾಡ್ಯುಲೇಟರ್ ಬೇಕು. ಜಪಾನಿನ ಸೆಟ್ಟಿಗೆ ಅದೂ ಹೊಂದುವುದಿಲ್ಲ. ಅಲ್ಲಿಯ 1, 2ನೇ ಚಾನೆಲ್‌ಗಳು 90 ಮೆಗಾಹರ್ಟ್ಸ್ ಮೇಲೆ ಇವೆ.

ಸೇರಿಸುವಾಗ ಏರಿಯಲ್ ಎಳೆಯದೆ ಮಡಚಿಯೇ ಇಡಿ. ಕೇಬಲ್ಲಿನ ನಡುವಿನ ತಂತಿಯನ್ನು ಕ್ರೊಕಡೈಲ್ ಕ್ಲಿಪ್ಪಿನಿಂದ ಏರಿಯಲ್ ತುದಿಗೆ ಕಚ್ಚಿಸಿ. ಹೊರಗಿನ ಜಾಲರಿಯನ್ನು ಇಯರ್‌ಫೋನ್ ಜ್ಯಾಕಿನ ಹೊರಗಿನ ಲೋಹಕ್ಕೆ ಮುಟ್ಟಿಸಿದರೆ ಚಿತ್ರ ಇನ್ನೂ ನಿಲ್ಲುತ್ತದೆ. ಕೇಬಲ್ ಮಾಡ್ಯುಲೇಟರಿನ ಸಿಗ್ನಲ್ ಇಷ್ಟು ಹತ್ತಿರದಿಂದ ತೀರಾ ಜಾಸ್ತಿ. ಚಿತ್ರ ಕಪ್ಪಾಗಿ ಹರಿದಂತೆ ಕಂಡರೆ ನಡುವೆ ಸಿಗ್ನಲ್ ತಗ್ಗಿಸುವ 20 ಡಿಬಿ ಅಟೆನ್ಯುಯೇಟರ್ ಹಾಕಿ. ಮಾಡ್ಯುಲೇಟರಿಗೆ ಆಂಪ್ಲಿಫೈಯರ್, ತಾರಸಿಯ ಆಂಟೆನಾ ಯಾವತ್ತೂ ಸೇರಿಸಬೇಡಿ. ಲೈಸೆನ್ಸ್ ಇಲ್ಲದೆ ಗಾಳಿಗೆ ಸಿಗ್ನಲ್ ಬಿಡುವುದು ಕಾನೂನಿಗೆ ವಿರುದ್ಧ. ಸಿಗ್ನಲ್ ವೈರಿನಲ್ಲೇ ಇರಲಿ.

ಏನೂ ಬರದಿದ್ದರೆ

ಚುಕ್ಕಿಯೂ ಇಲ್ಲ, ಸದ್ದೂ ಇಲ್ಲ ಎಂದರೆ ನನ್ನ ಮೊದಲ ಅನುಮಾನ ಕೆಪಾಸಿಟರುಗಳ ಮೇಲೆ. 80ರ ದಶಕದ ಕೊನೆ, 90ರ ದಶಕದ ಎಲ್‌ಸಿಡಿ ಸೆಟ್‌ಗಳಲ್ಲಿ ಬೋರ್ಡಿನ ಮೇಲೆಯೇ ಕೂರಿಸಿದ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಸೋರುತ್ತವೆ. ಸೋಲ್ಡರಿಂಗ್ ಐರನ್ ತಾಗಿಸಿದಾಗ ಮೀನಿನ ವಾಸನೆ ಬಂದರೆ ಅದೇ ಗುರುತು. ಒಂದೊಂದೇ ಬದಲಿಸಿ, ಕೆಳಗಿನ ಜಾಗ ಆಲ್ಕೊಹಾಲಿನಲ್ಲಿ ತೊಳೆಯಿರಿ, ತಾಮ್ರದ ಗೆರೆ ತಿಂದುಹೋಗಿದ್ದರೆ ತೆಳು ತಂತಿಯಿಂದ ಜೋಡಿಸಿ. ಬೋರ್ಡ್ ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ. ವಾಲ್ಯೂಮ್ ಗುಂಡಿ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಚಿತ್ರ ಬಂದ ಮೇಲೆ ಏನು ನೋಡಬೇಕು? ಅಕ್ಷರ ತುಂಬಿದ ಈಗಿನ ಸುದ್ದಿ ಚಾನೆಲ್ ಬೇಡ, ಒಂದಕ್ಷರವೂ ಓದಲಾಗುವುದಿಲ್ಲ. ಡಿಡಿ ಚಂದನದ ಸಂಗೀತ ಕಾರ್ಯಕ್ರಮ ಚೆನ್ನಾಗಿ ಕಾಣುತ್ತದೆ. ಇನ್ನೂ ಚೆನ್ನಾಗಿರುವುದು ಮನೆಯ ಹಳೇ ಮದುವೆ ಕ್ಯಾಸೆಟ್. ಅದು 4:3ರಲ್ಲೇ ತೆಗೆದದ್ದು, ಮುಖಗಳು ದೊಡ್ಡದಾಗಿ ಬರುತ್ತವೆ. ನಮ್ಮಮ್ಮ ಅದನ್ನು ದೊಡ್ಡ ಟಿವಿಯಲ್ಲಿ ಹಾಕಿದರೆ ಅಡುಗೆ ಮಾಡುತ್ತಲೇ ನೋಡುತ್ತಾರೆ. ಕೈ ಟಿವಿಯಲ್ಲಿ ಹಾಕಿಕೊಟ್ಟರೆ ಕನ್ನಡಕ ಹಾಕಿಕೊಂಡು, ಕೂತು, ಕೊನೆಯವರೆಗೂ ನೋಡುತ್ತಾರೆ.

ನೋಡಿ ಮುಗಿದ ಮೇಲೆ ಪ್ರತಿ ಸಲವೂ ಸೆಲ್ ಹೊರಗೆ ತೆಗೆಯಿರಿ. ಎಲ್‌ಸಿಡಿ ಸೆಟ್ಟನ್ನು ಬಿಸಿಲಿನಲ್ಲಿ, ಕಾರಿನೊಳಗೆ ಬಿಡಬೇಡಿ, ಪರದೆಯ ಪೊಲರೈಸರ್ ಹಾಳೆ ಕೆಡುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಅದೇ ಡಬ್ಬಿಯಲ್ಲಿ ಕ್ಲಿಪ್ ಇರುವ ಕೇಬಲ್ಲನ್ನೂ ಇಟ್ಟು, ಯಾವ ಚಾನೆಲ್, ಪಾಲೋ ಎನ್‌ಟಿಎಸ್‌ಸಿಯೋ ಅಂತ ಒಂದು ಚೀಟಿ ಬರೆದು ಅಂಟಿಸಿ.